ಐಸ್ ಕಟ್ಟಿದ ಎಸಿ: ಗ್ಯಾಸ್ ತುಂಬಿಸುವ ಮೊದಲು ನೋಡಬೇಕಾದದ್ದು

ಮೇ ತಿಂಗಳ ಮಂಗಳೂರಿನಲ್ಲಿ, ಎಸಿ ಓಡುತ್ತಲೇ ಇದ್ದರೂ ನಡುರಾತ್ರಿ ಮೈಯೆಲ್ಲ ಬೆವರಿ ಎಚ್ಚರವಾದರೆ, ಮೊದಲ ಬೈಗುಳ ಬೀಳುವುದು ಕರೆಂಟಿನ ಮೇಲೆ. ನಮ್ಮ ಮನೆಯಲ್ಲಿ ಆ ರಾತ್ರಿ ವೋಲ್ಟೇಜು ಸರಿಯಾಗಿಯೇ ಇತ್ತು. ರಿಮೋಟಿನಲ್ಲಿ 18 ಎಂದು ಕಾಣುತ್ತಿತ್ತು, ಬಾಲ್ಕನಿಯ ಔಟ್‌ಡೋರ್ ಘಟಕ ಗುಂಯ್‌ಗುಡುತ್ತಿತ್ತು, ಆದರೆ ಒಳಗಿನ ಘಟಕದ ಬಾಯಿಗೆ ಕೈಯೊಡ್ಡಿದರೆ ಗಾಳಿ ಉಸಿರಿನಷ್ಟೂ ತಾಗುತ್ತಿರಲಿಲ್ಲ. ಮುಂದಿನ ಮುಚ್ಚಳ ಎತ್ತಿ, ಫಿಲ್ಟರ್ ಎಳೆದು, ಮೊಬೈಲಿನ ಟಾರ್ಚ್ ಹಿಡಿದಾಗ, ಅಲ್ಯೂಮಿನಿಯಂ ಎಸಳುಗಳು ಕಾಣಬೇಕಾದ ಜಾಗದಲ್ಲಿ ಹಳೆಯ ಫ್ರಿಜ್ಜಿನ ಫ್ರೀಜರಿನಂತೆ ಬೆರಳು ದಪ್ಪದ ಬಿಳಿ ಐಸ್ ಕೂತಿತ್ತು. ಎಸಿ ತಂಪು ಮಾಡುತ್ತಲೇ ಇತ್ತು. ಆ ತಂಪು ಕೋಣೆಗೆ ಬರಲು ದಾರಿ ಇರಲಿಲ್ಲ, ಅಷ್ಟೆ.

ಇಂಥ ಹೊತ್ತಿನಲ್ಲಿ ಮನೆಯವರೇ ಮಾಡಬಹುದಾದದ್ದು ಬಹಳಷ್ಟಿದೆ, ಮಾಡಬಾರದ್ದೂ ಕೆಲವಿದೆ. ಇಲ್ಲಿ ಬರೆದಿರುವುದು ಗೋಡೆಗೆ ಹಾಕುವ ಸ್ಪ್ಲಿಟ್ ಎಸಿಯನ್ನು ಕಣ್ಣ ಮುಂದಿಟ್ಟುಕೊಂಡು. ಕಿಟಕಿ ಎಸಿಗೂ ತತ್ತ್ವ ಅದೇ. ಒಂದು ಮಾತನ್ನು ಮೊದಲೇ ಹೇಳಿಬಿಡುತ್ತೇನೆ. ಐಸ್ ಕಂಡ ಕೂಡಲೇ, ಫಿಲ್ಟರನ್ನೂ ಹೊರತೆಗೆದು ನೋಡದೆ, ‘ಗ್ಯಾಸ್ ಕಮ್ಮಿ ಆಗಿದೆ’ ಎನ್ನುವವರ ಕೈಗೆ ಎಸಿಯನ್ನು ಒಪ್ಪಿಸಬಾರದು. ಗ್ಯಾಸ್ ಕಡಿಮೆಯಾಗಿರಲೂಬಹುದು, ಆದರೆ ಅದು ಗೊತ್ತಾಗುವುದು ಐಸ್ ಪೂರ್ತಿ ಕರಗಿ, ಗಾಳಿಯ ದಾರಿ ಸ್ವಚ್ಛವಾದ ಮೇಲೆಯೇ ಹೊರತು ಅದಕ್ಕೆ ಮುಂಚೆ ಅಲ್ಲ.

ಮೊದಲು ಕೂಲಿಂಗ್ ನಿಲ್ಲಿಸಿ

ಐಸ್ ಕಟ್ಟಿದೆಯೆಂದು ತಿಳಿದ ಕ್ಷಣವೇ ಕೂಲಿಂಗ್ ನಿಲ್ಲಿಸಬೇಕು. ‘ಬೆಳಗಾಗುವವರೆಗೆ ಓಡಲಿ, ಆಮೇಲೆ ನೋಡೋಣ’ ಎಂದು ಬಿಡುವುದು ದುಬಾರಿಯಾದೀತು. ಆ ಎಸಳು, ಕೊಳವೆಗಳ ಜಾಲವಾದ ಕಾಯಿಲ್‌ನ ಮೇಲೆ ಐಸ್ ಕೂತಾಗ ಒಳಗೆ ಹರಿಯುವ ದ್ರವ ಗ್ಯಾಸಿಗೆ ಕುದಿದು ಆವಿಯಾಗಲು ಬೇಕಾದ ಶಾಖ ಸಿಗುವುದಿಲ್ಲ, ಅರೆಬರೆ ದ್ರವವಾಗಿಯೇ ಅದು ಕಂಪ್ರೆಸರಿಗೆ ಮರಳುತ್ತದೆ. ಕಂಪ್ರೆಸರ್ ಇರುವುದು ಆವಿಯನ್ನು ಒತ್ತುವುದಕ್ಕೆ; ದ್ರವ ಒಳಗೆ ಬಂದರೆ ಅದರ ಎಣ್ಣೆ ತೆಳುವಾಗುತ್ತದೆ, ಭಾಗಗಳು ಸವೆಯುತ್ತವೆ, ಕೆಲವೊಮ್ಮೆ ಒಡೆದೇ ಹೋಗುತ್ತವೆ. ಎಸಿಯಲ್ಲಿ ಅತಿ ಹೆಚ್ಚು ಬೆಲೆಬಾಳುವ ಭಾಗವೂ ಅದೇ.

ನಿಲ್ಲಿಸುವುದರಲ್ಲಿ ಎರಡು ಬಗೆ. ರಿಮೋಟಿನಲ್ಲಿ ಮೋಡ್ ಗುಂಡಿ ಒತ್ತಿ ಬರೀ ಫ್ಯಾನ್‌ಗೆ ತಂದು ವೇಗವನ್ನು ಗರಿಷ್ಠಕ್ಕೆ ಇಟ್ಟರೆ, ಕೋಣೆಯ ಬೆಚ್ಚನೆಯ ಗಾಳಿ ಕಾಯಿಲ್ ಮೇಲೆ ಹಾದು ಐಸ್ ಬೇಗ ಕರಗುತ್ತದೆ. ಆದರೆ ಫ್ಯಾನ್ ತಿರುಗುವಾಗ ಕರಕರ ಎಂಬ ಸದ್ದು ಬಂದರೆ, ಐಸ್ ಒಳಗೆ ಗಾಳಿ ಎಸೆಯುವ ಉರುಳೆಯಾದ ಬ್ಲೋವರಿನವರೆಗೂ ಬೆಳೆದಿದೆ ಎಂದರ್ಥ. ಆಗ ಅದನ್ನು ತಿರುಗಿಸುವ ಗೋಜಿಗೆ ಹೋಗದೆ ಎಸಿಯನ್ನು ಪೂರ್ತಿ ಆರಿಸಿ, ಮುಚ್ಚಳ ತೆರೆದಿಟ್ಟು, ಸೀಲಿಂಗ್ ಫ್ಯಾನ್ ಹಾಕಿ, ಕಿಟಕಿ ತೆರೆದು ಕಾಯುವುದೇ ಸರಿ. ಒಳಘಟಕದ ಬಲಬದಿಯಲ್ಲಿ, ಅಂದರೆ ಹೆಚ್ಚಿನ ಮಾದರಿಗಳಲ್ಲಿ ವಿದ್ಯುತ್ ಬೋರ್ಡ್ ಇರುವ ಕಡೆ, ನೀರು ಇಳಿಯುತ್ತಿರುವುದು ಕಂಡರೆ ರಿಮೋಟನ್ನು ನಂಬದೆ ಎಸಿಗೆ ಕರೆಂಟು ಕಡಿಯುವ ಸ್ವಿಚ್ಚಾದ ಎಂಸಿಬಿಯನ್ನೇ ಕೆಳಗಿಳಿಸಬೇಕು.

ತೆಳ್ಳಗಿನ ಐಸ್ ಫ್ಯಾನಿನ ಗಾಳಿಗೆ ಒಂದು ಗಂಟೆಯಲ್ಲಿ ಕರಗೀತು. ದಪ್ಪಗೆ ಕಟ್ಟಿದ್ದರೆ ಮೂರು ನಾಲ್ಕು ಗಂಟೆಯೂ ಹಿಡಿಯುತ್ತದೆ. ಕರಗುವಾಗ ನೀರು ಕ್ರಮವಾಗಿ ತಟ್ಟೆಗೆ ಇಳಿದು ಡ್ರೈನ್ ಪೈಪಿನಲ್ಲಿ ಹೋಗುತ್ತದೆಂಬ ಭರವಸೆ ಬೇಡ. ಐಸಿನ ಹಲಗೆ ಸಡಿಲಗೊಂಡು ಒಮ್ಮೆಲೇ ಟಪ್ಪನೆ ಜಾರುತ್ತದೆ, ತಟ್ಟೆಯ ಅಂಚಿನಾಚೆ ಬೀಳುತ್ತದೆ, ಗಾಳಿಯ ಬಾಯಿಯಿಂದ ನೀರು ಚಿಮ್ಮುತ್ತದೆ. ಆದ್ದರಿಂದ ಮೊದಲು ಕೆಳಗಿನ ಹಾಸಿಗೆ, ಎಕ್ಸ್‌ಟೆನ್ಶನ್ ಬೋರ್ಡ್, ಪುಸ್ತಕ ಇವನ್ನೆಲ್ಲ ಸರಿಸಿ, ನೆಲಕ್ಕೆ ಹಳೆಯ ಬೈರಾಸು (ಟವೆಲ್) ಹಾಸಿ, ಅದರ ಮೇಲೆ ಬಕೆಟ್ ಇಡಿ. ಬೈರಾಸು ಇಲ್ಲದ ಬರಿಯ ಬಕೆಟ್ಟಿನಿಂದ ಸಿಡಿಯುವ ಹನಿಗಳು ಕೋಣೆಯ ಅರ್ಧಕ್ಕೆ ಹರಡುತ್ತವೆ. ಇದು ಅನುಭವದ ಮಾತು.

ತಾಳ್ಮೆ ಕೆಟ್ಟು ಐಸಿಗೆ ಚಾಕು, ಸ್ಕ್ರೂಡ್ರೈವರ್, ಸೌಟಿನ ಹಿಡಿ ತಾಗಿಸಬೇಡಿ. ಆ ಎಸಳುಗಳು ಕಾಗದದಷ್ಟು ತೆಳು, ಅವುಗಳ ನಡುವೆ ಹಾದುಹೋಗುವ ಕೊಳವೆಗಳ ಗೋಡೆ ಒಂದು ಮಿಲಿಮೀಟರಿಗಿಂತ ಎಷ್ಟೋ ತೆಳು. ಒಂದು ಸೂಜಿಮೊನೆಯ ತೂತು ಬಿದ್ದರೆ ಇರುವ ಗ್ಯಾಸೆಲ್ಲ ಹೊರಗೆ. ಬಿಸಿನೀರು ಸುರಿಯುವುದಾಗಲಿ, ಹೇರ್ ಡ್ರೈಯರ್ ಹಿಡಿಯುವುದಾಗಲಿ ಬೇಡ. ಒದ್ದೆ ಗೋಡೆ, ಕರೆಂಟು, ಕುರ್ಚಿಯ ಮೇಲೆ ನಿಂತ ನಿದ್ದೆಗಣ್ಣಿನ ಮನುಷ್ಯ, ಈ ಮೂರು ಒಂದೆಡೆ ಸೇರಬಾರದು.

ಮುಂದಿನಿಂದ ಕಾಣುವ ಐಸ್ ಹೋದ ಮಾತ್ರಕ್ಕೆ ಎಲ್ಲ ಕರಗಿತೆಂದು ತಿಳಿಯಬಾರದು. ಕಾಯಿಲ್ ಬ್ಲೋವರಿನ ಮೇಲೆ ಕೊಡೆಯಂತೆ ಬಾಗಿ ಹಿಂದಕ್ಕೂ ಹೋಗಿರುತ್ತದೆ, ಆ ಹಿಂಭಾಗ ಕಣ್ಣಿಗೆ ಬೀಳುವುದಿಲ್ಲ. ಹೊರಗಿನ ಡ್ರೈನ್ ಪೈಪಿನ ತುದಿಯಲ್ಲಿ ತೊಟ್ಟಿಕ್ಕುವುದು ನಿಂತು ಅರ್ಧ ಗಂಟೆಯಾದ ಮೇಲೆ ಕರಗಿತೆಂದು ಲೆಕ್ಕ ಹಿಡಿಯಬಹುದು.

ಐಸ್ ಕಟ್ಟುವುದು ಏಕೆ

ಕರಗುವಷ್ಟು ಹೊತ್ತಿನಲ್ಲಿ ಇದನ್ನು ಅರಿತುಕೊಂಡರೆ ಮುಂದಿನ ಕೆಲಸ ಸಲೀಸು. ಆರೋಗ್ಯವಂತ ಎಸಿಯ ಕಾಯಿಲ್ ಸಾಮಾನ್ಯವಾಗಿ 5ರಿಂದ 12 ಡಿಗ್ರಿ ಸೆಲ್ಸಿಯಸ್ ನಡುವೆ ಇರುತ್ತದೆ. ಗಾಳಿಯ ತೇವ ಅದರ ಮೇಲೆ ಬೆವರಿನಂತೆ ಹನಿಗಟ್ಟಿ ಇಳಿಯುತ್ತದೆ. ಕರಾವಳಿಯ ಸೆಕೆಯಲ್ಲಿ ಒಂದೂವರೆ ಟನ್ನಿನ ಎಸಿ ಗಂಟೆಗೆ ಲೀಟರಿನಷ್ಟು ನೀರನ್ನು ಹೀಗೆ ಹಿಂಡುವುದುಂಟು. ಕಾಯಿಲ್‌ನ ಉಷ್ಣತೆ ಸೊನ್ನೆಗಿಂತ ಕೆಳಗೆ ಜಾರಿದಾಗ ಮಾತ್ರ ಆ ಹನಿ ಹರಿಯದೆ ಅಲ್ಲೇ ಹೆಪ್ಪುಗಟ್ಟುತ್ತದೆ. ಹೆಪ್ಪುಗಟ್ಟಿದ ಐಸ್ ಗಾಳಿಯ ದಾರಿಯನ್ನು ಇನ್ನಷ್ಟು ಕಿರಿದಾಗಿಸುತ್ತದೆ, ಗಾಳಿ ಕಡಿಮೆಯಾದಂತೆ ಕಾಯಿಲ್ ಇನ್ನಷ್ಟು ತಣ್ಣಗಾಗುತ್ತದೆ. ಒಮ್ಮೆ ಶುರುವಾದ ಮೇಲೆ ಐಸ್ ತನ್ನನ್ನು ತಾನೇ ಬೆಳೆಸಿಕೊಳ್ಳುವ ಕಾರಣ, ಸಂಜೆಯ ತೆಳು ಹಿಮ ನಡುರಾತ್ರಿಗೆ ಗೋಡೆಯಾಗಿರುತ್ತದೆ.

‘ನಮ್ಮೂರಲ್ಲಿ ತೇವ ಜಾಸ್ತಿ, ಅದಕ್ಕೇ ಐಸ್’ ಎಂಬ ಮಾತನ್ನು ಮಂಗಳೂರಿನಲ್ಲೂ ಕಾರವಾರದಲ್ಲೂ ಕೇಳಿದ್ದೇನೆ. ಇದು ತಪ್ಪು. ತೇವ ಐಸಿಗೆ ಸಾಮಗ್ರಿ ಒದಗಿಸುತ್ತದೆಯೇ ಹೊರತು ಕಾರಣವಲ್ಲ. ತೇವದ ಗಾಳಿ ಕಾಯಿಲ್‌ಗೆ ಹೆಚ್ಚು ಶಾಖವನ್ನು ತಂದುಕೊಡುವುದರಿಂದ ಅದು ಸೊನ್ನೆಗೆ ಇಳಿಯುವುದನ್ನು ಸ್ವಲ್ಪ ತಡೆಯುತ್ತದೆ ಕೂಡ. ಕಾಯಿಲ್ ಸೊನ್ನೆಗಿಂತ ಕೆಳಗಿಳಿಯಲು ಮುಖ್ಯವಾಗಿ ಇರುವುದು ಎರಡೇ ದಾರಿ. ಒಂದು, ಕಾಯಿಲ್ ಮೇಲೆ ಹಾಯಬೇಕಾದಷ್ಟು ಗಾಳಿ ಹಾಯದಿರುವುದು. ಇನ್ನೊಂದು, ಒಳಗೆ ಗ್ಯಾಸ್ ಕಡಿಮೆಯಾಗಿ ಒತ್ತಡ ಕುಸಿಯುವುದು. ಒತ್ತಡ ಇಳಿದಂತೆ ಗ್ಯಾಸ್ ಕುದಿಯುವ ಉಷ್ಣತೆಯೂ ಇಳಿಯುತ್ತದೆ. ಗ್ಯಾಸ್ ಕಡಿಮೆಯಾದರೆ ತಂಪು ಕಡಿಮೆಯಾಗಬೇಕಲ್ಲವೇ, ಐಸ್ ಹೇಗೆ ಕಟ್ಟೀತು ಎಂದು ಕೇಳುವವರಿಗೆ ಉತ್ತರ ಇದೇ: ಒಟ್ಟು ತಂಪು ಕಡಿಮೆಯಾಗುತ್ತದೆ, ಆದರೆ ಇರುವಷ್ಟು ತಂಪು ಕಾಯಿಲ್‌ನ ಒಂದು ಮೂಲೆಯಲ್ಲಿ ಸೊನ್ನೆಗಿಂತ ಕೆಳಗೆ ಬೀಡುಬಿಡುತ್ತದೆ.

ಎಸಿಯ ಅಳತೆಯಾದ ಟನ್ ಎಂಬ ಮಾತು ಬಂದದ್ದೇ ಐಸಿನಿಂದ. 24 ಗಂಟೆಯಲ್ಲಿ ಒಂದು ಅಮೆರಿಕನ್ ಟನ್, ಅಂದರೆ ಸುಮಾರು 907 ಕೆ.ಜಿ. ಐಸ್ ಕರಗುವಾಗ ಹೀರುವಷ್ಟು ಶಾಖವನ್ನು ಹೊರಹಾಕಬಲ್ಲ ಯಂತ್ರ ಒಂದು ಟನ್ನಿನದು. ಕಿಲೋವ್ಯಾಟಿನಲ್ಲಿ ಹೇಳುವುದಾದರೆ ಸುಮಾರು 3.5. ಆ ಶಕ್ತಿಯಲ್ಲಿ ಚಿಕ್ಕ ಪಾಲು ದಾರಿ ತಪ್ಪಿದರೂ ಒಂದು ರಾತ್ರಿಯಲ್ಲಿ ಕಾಯಿಲ್ ಮುಚ್ಚಿಹೋಗುವುದರಲ್ಲಿ ಆಶ್ಚರ್ಯವಿಲ್ಲ.

ಗಾಳಿಯ ದಾರಿ

ಹುಡುಕಾಟ ಯಾವಾಗಲೂ ಇಲ್ಲಿಂದಲೇ ಶುರುವಾಗಬೇಕು, ಏಕೆಂದರೆ ಇದಕ್ಕೆ ಖರ್ಚಿಲ್ಲ ಮತ್ತು ಬಹುಪಾಲು ಮನೆಗಳಲ್ಲಿ ತಪ್ಪು ಇರುವುದೂ ಇಲ್ಲೇ.

ಫಿಲ್ಟರ್ ಎಲ್ಲರಿಗೂ ಗೊತ್ತಿರುವ ಸಂಗತಿ, ಆದರೆ ಅದನ್ನು ತೊಳೆಯುವ ರೀತಿ ಹಲವರಿಗೆ ಗೊತ್ತಿಲ್ಲ. ಧೂಳು ಕೂತಿರುವ ಮುಖಕ್ಕೆ ನಲ್ಲಿ ಹಿಡಿದರೆ ಅದು ಬಲೆಯೊಳಗೆ ಇನ್ನಷ್ಟು ಸಿಕ್ಕಿಕೊಳ್ಳುತ್ತದೆ. ಹಿಂಬದಿಯಿಂದ ನೀರು ಹಾಯಿಸಬೇಕು. ಅಂಟಿದ್ದರೆ ಸ್ವಲ್ಪ ಪಾತ್ರೆ ತೊಳೆಯುವ ದ್ರವ ಹಾಕಿದ ಉಗುರುಬೆಚ್ಚಗಿನ ನೀರು ಸಾಕು. ಬಿಸಿಲಿಗಿಟ್ಟರೆ ಪ್ಲಾಸ್ಟಿಕ್ ಚೌಕಟ್ಟು ಸೊಟ್ಟಗಾಗಿ, ಮುಂದೆ ಅದರ ಪಕ್ಕದ ಸಂದಿನಿಂದಲೇ ಧೂಳು ನುಗ್ಗುತ್ತದೆ, ನೆರಳಿನಲ್ಲಿ ಒಣಗಿಸಿ. ಒಣಗಿದ ಮೇಲೆ ಟ್ಯೂಬ್‌ಲೈಟಿನ ಎದುರು ಹಿಡಿದು ನೋಡಿದರೆ ಬೆಳಕು ಎಲ್ಲ ಕಡೆ ಒಂದೇ ಸಮನೆ ಬರಬೇಕು. ದಿನವೂ ಎಸಿ ಹಾಕುವ ಕಾಲದಲ್ಲಿ ಎರಡು ವಾರಕ್ಕೊಮ್ಮೆ ತೊಳೆಯುವುದು ಒಳ್ಳೆಯದು. ಪಕ್ಕದ ಸೈಟಿನಲ್ಲಿ ಕಟ್ಟಡ ಏಳುತ್ತಿದ್ದರೆ ವಾರಕ್ಕೊಮ್ಮೆ. ಈಗಿನ ಕೆಲವು ಎಸಿಗಳಲ್ಲಿ ಬಲೆಯ ಮೇಲೆ ಪಿಎಂ 2.5 ಎಂದೋ ಕಾರ್ಬನ್ ಎಂದೋ ಚಿಕ್ಕ ಪಟ್ಟಿಗಳನ್ನು ಸಿಕ್ಕಿಸಿರುತ್ತಾರೆ. ಅವು ವಾಯಿದೆ ಮುಗಿದ ಮೇಲೆ ಗಾಳಿಗೆ ಅಡ್ಡಿಯಾಗುವುದನ್ನು ಬಿಟ್ಟು ಬೇರೇನೂ ಮಾಡುವುದಿಲ್ಲ. ಬದಲಿಸಿ, ಇಲ್ಲವೇ ತೆಗೆದುಬಿಡಿ.

ಫಿಲ್ಟರ್ ಶುಭ್ರವಾಗಿದ್ದರೂ ಕಾಯಿಲ್ ಶುಭ್ರವಾಗಿದೆಯೆಂದು ಹೇಳಲಾಗದು. ಹಾಲಿನಲ್ಲಿ ಎಸಿ, ಅದಕ್ಕೆ ಬಾಗಿಲಿಲ್ಲದ ಅಡುಗೆಮನೆ, ದಿನಕ್ಕೆರಡು ಹೊತ್ತು ಒಗ್ಗರಣೆ, ಸಂಜೆ ಅಗರಬತ್ತಿ, ಶುಕ್ರವಾರ ಧೂಪ: ಇಂಥ ಮನೆಯ ಕಾಯಿಲ್ ಮೇಲೆ ಎಣ್ಣೆಹೊಗೆಯ ತೆಳು ಪದರ ಕೂತು, ಅದಕ್ಕೆ ಧೂಳು ಅಂಟಿ, ಕಂದು ಬಣ್ಣದ ಉಣ್ಣೆಯಂತಾಗಿರುತ್ತದೆ. ಫಿಲ್ಟರ್ ತೆಗೆದು ಟಾರ್ಚನ್ನು ಓರೆಯಾಗಿ ಹಿಡಿದರೆ ಎಸಳುಗಳ ಸಂದು ಕಾಣಬೇಕು. ಕಾಣದಿದ್ದರೆ ಸರ್ವಿಸ್‌ಗೆ ಕರೆಯುವ ಹೊತ್ತಾಗಿದೆ. ಒಣ ಧೂಳಾಗಿದ್ದರೆ ಮೃದುವಾದ ಬ್ರಶ್ಶನ್ನು ಎಸಳಿನ ಗುಂಟ, ಮೇಲಿನಿಂದ ಕೆಳಕ್ಕೆ, ಎಂಸಿಬಿ ಇಳಿಸಿದ ಮೇಲೆ ನೀವೇ ಆಡಿಸಬಹುದು. ಅಡ್ಡಡ್ಡ ಉಜ್ಜಿದರೆ ಎಸಳುಗಳು ಮಡಿಚಿಕೊಳ್ಳುತ್ತವೆ. ಅವುಗಳ ಅಂಚು ಬೆರಳನ್ನೂ ಕೊಯ್ಯುತ್ತದೆ.

ಎಲ್ಲರೂ ಮರೆಯುವುದು ಬ್ಲೋವರನ್ನು. ಗಾಳಿ ಹೊರಬರುವ ಬಾಯಿಯ ರೆಕ್ಕೆಯನ್ನು ಸ್ವಲ್ಪ ಬಾಗಿಸಿ, ಎಸಿ ಆರಿಸಿದ ಸ್ಥಿತಿಯಲ್ಲಿ, ಒಳಕ್ಕೆ ಟಾರ್ಚ್ ಬಿಡಿ. ಉದ್ದನೆಯ ಉರುಳೆಯೊಂದು ಕಾಣುತ್ತದೆ, ಅದರ ಸುತ್ತ ಚಿಕ್ಕ ಚಿಕ್ಕ ಬಾಗಿದ ಅಲಗುಗಳಿರುತ್ತವೆ. ಗಾಳಿಯನ್ನು ಮೊಗೆದು ಎಸೆಯುವುದು ಆ ಬಾಗು. ಅದರಲ್ಲಿ ಕಪ್ಪು ಮಖಮಲ್ಲಿನಂಥ ಕೊಳೆ ತುಂಬಿಕೊಂಡರೆ, ಕೊಳೆ ತುಂಬಿದ ಸೌಟಿನಿಂದ ಸಾರು ಬಡಿಸಿದ ಹಾಗೆ: ಮೋಟಾರು ಅದೇ ವೇಗದಲ್ಲಿ ತಿರುಗುತ್ತದೆ, ಸದ್ದೂ ಅಷ್ಟೇ ಬರುತ್ತದೆ, ಗಾಳಿ ಮಾತ್ರ ಬರುವುದಿಲ್ಲ. ನಮ್ಮ ಮನೆಯ ಐಸಿಗೆ ಕಾರಣ ಇದೇ ಆಗಿತ್ತು, ಅದು ತಿಳಿಯಲು ಎರಡು ತಿಂಗಳು ಹಿಡಿಯಿತು. ಆ ಕಥೆ ಮುಂದಿದೆ. ಬ್ಲೋವರನ್ನು ಮನೆಯವರು ಪೂರ್ತಿ ತೊಳೆಯುವುದು ಕಷ್ಟ. ಸರ್ವಿಸ್‌ನವರನ್ನು ಕರೆದಾಗ ‘ಜೆಟ್ ಪಂಪ್‌ನಲ್ಲಿ ಕಾಯಿಲ್ ಜೊತೆಗೆ ಬ್ಲೋವರನ್ನೂ ತೊಳೆಯಬೇಕು, ಬೋರ್ಡ್ ಮುಚ್ಚಿ ಕೆಳಗೆ ಚೀಲ ಕಟ್ಟಬೇಕು’ ಎಂದು ಮೊದಲೇ ಸ್ಪಷ್ಟವಾಗಿ ಹೇಳಿ. ಹೇಳದಿದ್ದರೆ ಕಾಯಿಲ್‌ಗೆ ಎರಡು ನಿಮಿಷ ನೀರು ಹೊಡೆದು, ಒರೆಸಿ, ಹೊರಟುಬಿಡುವುದೇ ಹೆಚ್ಚು. ಆಮ್ಲದ ರಾಸಾಯನಿಕ ಹಾಕಿದರೆ ಕಾಯಿಲ್ ಫಳಫಳ ಹೊಳೆಯುತ್ತದೆ, ಆದರೆ ಆ ಹೊಳಪಿನ ಜೊತೆ ಅಲ್ಯೂಮಿನಿಯಂ ಕೂಡ ಒಂದಿಷ್ಟು ಕೊಚ್ಚಿಹೋಗಿರುತ್ತದೆ.

ಫ್ಯಾನಿನ ವೇಗವನ್ನು ಕಡಿಮೆಯಿಂದ ಗರಿಷ್ಠಕ್ಕೆ ಏರಿಸಿದರೂ ಗಾಳಿಯಲ್ಲಿ ವ್ಯತ್ಯಾಸವೇ ಇಲ್ಲದಿದ್ದರೆ, ಬ್ಲೋವರ್ ಶುಭ್ರವಾಗಿದ್ದರೂ, ಅದರ ಮೋಟಾರು ಇಲ್ಲವೇ ಹಳೆಯ ಮಾದರಿಗಳಲ್ಲಿರುವ ಫ್ಯಾನ್ ಕ್ಯಾಪಾಸಿಟರ್ ಸೋತಿದೆ. ಇದು ತಿಳಿದವರ ಕೆಲಸ. ಕ್ಯಾಪಾಸಿಟರ್ ಕರೆಂಟು ತೆಗೆದ ಮೇಲೂ ಹೊಡೆಯಬಲ್ಲದು.

ನಮ್ಮ ಬಳಕೆಯ ರೀತಿಯೂ ಗಾಳಿಯ ದಾರಿಗೆ ಸೇರಿದ್ದೇ. 16 ಡಿಗ್ರಿ ಇಟ್ಟು, ಸದ್ದು ಬೇಡವೆಂದು ಫ್ಯಾನನ್ನು ಅತಿ ಕಡಿಮೆಗೆ ತಂದು ಮಲಗುವುದು ಐಸಿಗೆ ಆಹ್ವಾನ ಕೊಟ್ಟ ಹಾಗೆ. ಕೋಣೆ 16ಕ್ಕೆ ಇಳಿಯುವುದೇ ಇಲ್ಲ, ಹಾಗಾಗಿ ಕಂಪ್ರೆಸರ್ ಬಿಡುವಿಲ್ಲದೆ ದುಡಿಯುತ್ತದೆ. ಮೇಲಾಗಿ ಕಾಯಿಲ್‌ಗೆ ಸಿಗುವುದು ಆಗಲೇ ತಣ್ಣಗಾದ, ಅದೂ ಅರೆಪಾಲು ಗಾಳಿ. ನಮ್ಮ ದೇಶದಲ್ಲಿ ಸ್ಟಾರ್ ಲೇಬಲ್ ಇರುವ ಕೋಣೆ ಎಸಿಗಳೆಲ್ಲ ಆನ್ ಮಾಡಿದಾಗ 24 ಡಿಗ್ರಿಯಿಂದಲೇ ಶುರುವಾಗಬೇಕೆಂಬ ನಿಯಮ 2020ರ ಜನವರಿ 1ರಿಂದ ಇದೆ. ಅದು ವಿದ್ಯುತ್ ಉಳಿತಾಯಕ್ಕೆಂದು ಬಂದದ್ದಾದರೂ ಕಾಯಿಲ್‌ನ ಆರೋಗ್ಯಕ್ಕೂ ಒಳ್ಳೆಯ ಅಂಕಿಯೇ. ಇನ್ನು ಒಳಘಟಕ ಗಾಳಿ ಎಳೆಯುವುದು ನೆತ್ತಿಯಿಂದ. ಒಳಾಂಗಣದ ಅಂದಕ್ಕಾಗಿ ಅದನ್ನು ಫಾಲ್ಸ್ ಸೀಲಿಂಗಿಗೆ ಅಂಟಿಸಿದ್ದರೆ, ಪರದೆಯ ಪೆಲ್ಮೆಟ್ ಒಳಗೆ ತುರುಕಿದ್ದರೆ, ಯಾವ ಸರ್ವಿಸ್ ಮಾಡಿಸಿಯೂ ಪ್ರಯೋಜನವಿಲ್ಲ. ಮೇಲೆ ಅರ್ಧ ಅಡಿಯಷ್ಟಾದರೂ ಬಿಡುವು ಬೇಕು.

ಮತ್ತೆ ಶುರು ಮಾಡಿ, ಐಸ್ ಹುಟ್ಟುವುದನ್ನು ನೋಡಿ

ಪೂರ್ತಿ ಹೆಪ್ಪುಗಟ್ಟಿದ ಕಾಯಿಲ್ ಏನನ್ನೂ ಹೇಳುವುದಿಲ್ಲ. ಕಾರಣ ಯಾವುದಾದರೂ ಕೊನೆಯ ರೂಪ ಒಂದೇ. ಸುಳಿವು ಸಿಗುವುದು ಐಸ್ ಹುಟ್ಟುವ ಮೊದಲ ಹತ್ತಿಪ್ಪತ್ತು ನಿಮಿಷಗಳಲ್ಲಿ. ಆದ್ದರಿಂದ ಕರಗಿ ಒಣಗಿದ ಮೇಲೆ, ಫಿಲ್ಟರ್ ತೊಳೆದು ಹಾಕಿ, 24 ಡಿಗ್ರಿ, ಗರಿಷ್ಠ ಫ್ಯಾನ್ ಇಟ್ಟು ಎಸಿ ಹಾಕಿ. ಹತ್ತು ನಿಮಿಷದ ನಂತರ ಮುಚ್ಚಳ ಎತ್ತಿ ಫಿಲ್ಟರಿನ ಸಂದಿನಿಂದ ಕಾಯಿಲ್ ನೋಡಿ, ಆಮೇಲೆ ಬಾಲ್ಕನಿಗೆ ಹೋಗಿ ಔಟ್‌ಡೋರ್ ಘಟಕದ ಬದಿಯಲ್ಲಿ ಎರಡು ತಾಮ್ರದ ಪೈಪುಗಳು ಬಂದು ಸೇರುವ ಹಿತ್ತಾಳೆಯ ವಾಲ್ವುಗಳನ್ನು ನೋಡಿ. ಘಟಕ ಕೈಗೆಟುಕದ ಗೋಡೆಯ ಮೇಲಿದ್ದರೆ ಇಣುಕುವ ಸಾಹಸ ಬೇಡ.

ಕಾಯಿಲ್‌ನ ಒಂದು ಭಾಗದಲ್ಲಿ ಮಾತ್ರ, ಒಂದೆರಡು ಕೊಳವೆಗಳ ಗುಂಟ, ಬಿಳಿ ಹಿಮ ಕೂರುತ್ತಿದ್ದು ಉಳಿದ ಭಾಗ ಒಣಗಿ ಬೆಚ್ಚಗಿದ್ದರೆ, ಹೊರಗೆ ಸಣ್ಣ ಪೈಪಿನ ವಾಲ್ವಿನ ಮೇಲೆ ಹಿಮ ಕಂಡು ದಪ್ಪ ಪೈಪಿಗೆ ತಂಪೇ ಇಲ್ಲದಿದ್ದರೆ, ಗ್ಯಾಸ್ ಕಡಿಮೆಯಾಗಿರುವ ಸಂಭವ ಹೆಚ್ಚು. ಕಾಯಿಲ್ ಇಡೀ ಒಂದೇ ಸಮನೆ ಮಂಜಾಗುತ್ತ ಹೋಗಿ, ದಪ್ಪ ಪೈಪು ಚೆನ್ನಾಗಿ ಬೆವರಿ ಆಮೇಲೆ ಅದರ ಮೇಲೂ ಹಿಮ ಹಬ್ಬಿದರೆ ಗಾಳಿಯೇ ಸಾಲುತ್ತಿಲ್ಲ. ಎಲ್ಲವೂ ಸರಿಯಿದ್ದರೆ ಎರಡೂ ಪೈಪು ತಣ್ಣಗಿದ್ದು ವಾಲ್ವಿನ ಮೇಲೆ ಬರಿಯ ನೀರಹನಿ ಇರುತ್ತದೆ, ಹಿಮ ಇರುವುದಿಲ್ಲ. ಗಾಳಿ ಒಳಗೆ ಹೋಗುವ ಜಾಗದಲ್ಲೂ ಹೊರಬರುವ ಬಾಯಲ್ಲೂ ಸಾಮಾನ್ಯ ಡಿಜಿಟಲ್ ಥರ್ಮಾಮೀಟರ್ ಹಿಡಿದು ನೋಡಿದರೆ ಸುಮಾರು 8ರಿಂದ 12 ಡಿಗ್ರಿಯ ವ್ಯತ್ಯಾಸ ಸಿಗಬೇಕು. ಕರಾವಳಿಯ ತೇವದಲ್ಲಿ ಅದು ಕೆಳಗಿನ ಅಂಕಿಗೇ ಹತ್ತಿರವಿರುತ್ತದೆ.

ನೀರು ಸೋರುವುದೆಲ್ಲ ಐಸ್ ಅಲ್ಲ ಎಂಬುದನ್ನೂ ಇಲ್ಲೇ ಹೇಳಬೇಕು. ತಣ್ಣನೆಯ ಗಾಳಿ ಜೋರಾಗಿಯೇ ಬರುತ್ತಿದ್ದು ನೀರೂ ತೊಟ್ಟಿಕ್ಕುತ್ತಿದ್ದರೆ, ಡ್ರೈನ್ ಪೈಪಿನಲ್ಲಿ ಪಾಚಿಯೋ ಇರುವೆಯೋ ಕೂತಿದೆ. ಗಾಳಿ ಸೊರಗಿದ್ದು, ಎಸಿ ಆರಿಸಿದ ಮೇಲೆ ನೀರು ಹೆಚ್ಚು ಇಳಿದರೆ ಮಾತ್ರ ಅದು ಐಸ್.

ಗ್ಯಾಸಿನ ಮಾತು

ಆ ಮೇ ತಿಂಗಳಿನಲ್ಲಿ ನಮ್ಮಲ್ಲಿಗೆ ಬಂದ ಮೆಕ್ಯಾನಿಕ್ ಹೊರಘಟಕಕ್ಕೆ ಒತ್ತಡ ಅಳೆಯುವ ಗೇಜು ಹಚ್ಚಿ, ಮುಳ್ಳನ್ನು ನನಗೂ ತೋರಿಸಿ, ‘ನೋಡಿ ಸಾರ್, ಪ್ರೆಶರ್ ಇಲ್ಲವೇ ಇಲ್ಲ’ ಎಂದು ಗ್ಯಾಸ್ ತುಂಬಿ ಹಣ ಪಡೆದು ಹೋದರು. ಮುಳ್ಳು ಸುಳ್ಳು ಹೇಳಿರಲಿಲ್ಲ, ಒತ್ತಡ ನಿಜಕ್ಕೂ ಕಡಿಮೆ ಇತ್ತು. ಆದರೆ ಒಳಗೆ ಕಾಯಿಲ್ ಇನ್ನೂ ಅರ್ಧ ಐಸಾಗಿತ್ತು. ಗಾಳಿ ಸಿಗದ ಕಾಯಿಲ್‌ನಲ್ಲಿ ಗ್ಯಾಸ್ ಸರಿಯಾಗಿದ್ದರೂ ಒತ್ತಡ ಇಳಿದೇ ಇಳಿಯುತ್ತದೆ. ಅವರು ಅಳೆದದ್ದು ಐಸಿನ ಪರಿಣಾಮವನ್ನು, ತಿಳಿದುಕೊಂಡದ್ದು ಕಾರಣವೆಂದು. ಎರಡು ತಿಂಗಳಲ್ಲಿ ಮತ್ತೆ ಅದೇ ಐಸ್. ಎರಡನೆಯವರು ಬಂದು ಬ್ಲೋವರ್ ಬಿಚ್ಚಿದಾಗ ಅಂಗೈ ತುಂಬ ಕೊಳೆ ಬಂತು. ತೊಳೆದು ಹಾಕಿದ ಮೇಲೆ ನೋಡಿದರೆ ಗ್ಯಾಸ್ ಅಗತ್ಯಕ್ಕಿಂತ ಹೆಚ್ಚಾಗಿ, ಕಂಪ್ರೆಸರ್ ಎಳೆಯುವ ಕರೆಂಟು ಮಿತಿ ಮೀರಿತ್ತು. ಹೆಚ್ಚುವರಿ ಗ್ಯಾಸನ್ನು ತೆಗೆಸಲು ಇನ್ನೊಮ್ಮೆ ದುಡ್ಡು ಕೊಟ್ಟೆ.

ಎಸಿಯ ಗ್ಯಾಸ್ ಸ್ಕೂಟರಿನ ಪೆಟ್ರೋಲಿನಂತೆ ಖರ್ಚಾಗುವ ವಸ್ತುವಲ್ಲ. ಮುಚ್ಚಿದ ಕೊಳವೆಗಳಲ್ಲಿ ಅದು ಸುತ್ತುತ್ತಲೇ ಇರುತ್ತದೆ. ಹತ್ತು ವರ್ಷವಾದರೂ ಕಡಿಮೆಯಾಗಬೇಕಿಲ್ಲ. ಕಡಿಮೆಯಾಗಿದೆ ಎಂದರೆ ಎಲ್ಲೋ ಸೋರಿದೆ. ಸೋರುವ ಜಾಗ ಹುಡುಕದೆ ಪ್ರತಿ ಬೇಸಿಗೆಗೆ ಟಾಪ್ ಅಪ್ ಮಾಡಿಸುವುದು ತೂತು ಕೊಡಕ್ಕೆ ನೀರು ಹೊತ್ತ ಹಾಗೆ.

ಹಾಗಾಗಿ ಮೆಕ್ಯಾನಿಕ್ ಗೇಜು ಹಚ್ಚುವ ಮೊದಲು ಐಸ್ ಕರಗಿರಬೇಕು, ಫಿಲ್ಟರ್ ತೊಳೆದಿರಬೇಕು, ಫ್ಯಾನ್ ಗರಿಷ್ಠದಲ್ಲಿರಬೇಕು, ಎಸಿ ಕಾಲು ಗಂಟೆ ಓಡಿರಬೇಕು. ಮುಳ್ಳು ಓದುವುದು ಕಷ್ಟವಲ್ಲ. ಹಳೆಯ ಆರ್-22 ಗ್ಯಾಸ್ ಸೊನ್ನೆ ಡಿಗ್ರಿಯಲ್ಲಿ ಕುದಿಯುವುದು ಗೇಜಿನ ಸುಮಾರು 58 ಪಿಎಸ್‌ಐ ಒತ್ತಡದಲ್ಲಿ. ಆರ್-410ಎ ಮತ್ತು ಈಗ ಎಲ್ಲೆಡೆ ಬರುತ್ತಿರುವ ಆರ್-32 ಎರಡಕ್ಕೂ ಅದು 100 ಪಿಎಸ್‌ಐಗಿಂತ ತುಸು ಮೇಲೆ. ಓಡುವ ಎಸಿಯ ಮುಳ್ಳು ಈ ಅಂಕಿಗಿಂತ ಕೆಳಗೇ ನಿಂತರೆ ಕಾಯಿಲ್ ಸೊನ್ನೆಗಿಂತ ತಣ್ಣಗಿದೆ, ಐಸ್ ಕಟ್ಟಿಯೇ ಕಟ್ಟುತ್ತದೆ. ಯಾವ ಗ್ಯಾಸು, ಎಷ್ಟು ಗ್ರಾಂ ಎಂಬುದು ಹೊರಘಟಕದ ಫಲಕದ ಮೇಲೆ ಅಚ್ಚಾಗಿರುತ್ತದೆ. ಇನ್ವರ್ಟರ್ ಎಸಿಯಲ್ಲಿ ಕಂಪ್ರೆಸರಿನ ವೇಗ ಬದಲಾದಂತೆ ಒತ್ತಡವೂ ಬದಲಾಗುವುದರಿಂದ, ಮುಳ್ಳು ನೋಡಿ ಅಂದಾಜಿನಲ್ಲಿ ತುಂಬುವುದು ಸರಿಯಲ್ಲ. ಇದ್ದದ್ದನ್ನು ಮರುಸಂಗ್ರಹಿಸಿ, ಪಂಪಿನಿಂದ ಕೊಳವೆಗಳ ಗಾಳಿಯನ್ನೆಲ್ಲ ಎಳೆದು (ವ್ಯಾಕ್ಯೂಮ್ ಮಾಡಿ), ಫಲಕದಲ್ಲಿರುವಷ್ಟನ್ನು ತಕ್ಕಡಿಯಲ್ಲಿ ತೂಗಿ ತುಂಬಬೇಕು. ತಕ್ಕಡಿ ತಂದಿದ್ದಾರೆಯೇ ಎಂದು ಫೋನಿನಲ್ಲೇ ಕೇಳಿದರೆ ಅರ್ಧ ಜನ ಅಲ್ಲೇ ಸೋಸಿಹೋಗುತ್ತಾರೆ.

ಸೋರಿಕೆ ಹುಡುಕುವ ಕ್ರಮ ಹಳೆಯದು, ಈಗಲೂ ನಂಬಲರ್ಹ. ಕೊಳವೆಗಳಲ್ಲಿ ನೈಟ್ರೋಜನ್ ತುಂಬಿ, ಜೋಡಣೆಗಳಿಗೆ ಸಾಬೂನಿನ ನೊರೆ ಹಚ್ಚಿ, ಗುಳ್ಳೆ ಏಳುವುದನ್ನು ನೋಡುವುದು; ಆಮೇಲೆ ಗಂಟೆಗಟ್ಟಲೆ ಬಿಟ್ಟು ಮುಳ್ಳು ಇಳಿಯುತ್ತದೆಯೇ ಎಂದು ಕಾಯುವುದು. ಮೊದಲು ನೋಡಬೇಕಾದದ್ದು ತಾಮ್ರದ ಪೈಪುಗಳನ್ನು ಘಟಕಕ್ಕೆ ಬಿಗಿಯುವ ಫ್ಲೇರ್ ನಟ್ ಜೋಡಣೆಗಳನ್ನು. ಅಲ್ಲಿ ಎಣ್ಣೆಯ ಜಿಡ್ಡು ಕಂಡರೆ ಅರ್ಧ ಉತ್ತರ ಸಿಕ್ಕಿತು, ಏಕೆಂದರೆ ಗ್ಯಾಸ್ ಹೊರಡುವಾಗ ಕಂಪ್ರೆಸರಿನ ಎಣ್ಣೆಯನ್ನೂ ಒಂದಿಷ್ಟು ಒಯ್ಯುತ್ತದೆ. ಸುರತ್ಕಲ್, ಉಳ್ಳಾಲದಂಥ ಕಡಲಂಚಿನಲ್ಲಿ ಉಪ್ಪುಗಾಳಿ ಹೊರಘಟಕವನ್ನು ತಿನ್ನುತ್ತದೆ. ಬೆಂಗಳೂರಿನಲ್ಲಿ ತೆರೆದ ಚರಂಡಿ, ರಾಜಕಾಲುವೆಗಳ ಪಕ್ಕದ ಮನೆಗಳಲ್ಲಿ ಕೊಳಚೆಯಿಂದೇಳುವ ಗಂಧಕದ ಅನಿಲ ತಾಮ್ರವನ್ನು ಕಪ್ಪಾಗಿಸಿ ಸೂಕ್ಷ್ಮ ತೂತು ಕೊರೆಯುತ್ತದೆ. ಕಾಯಿಲ್ ಒಳಗೇ ತೂತಾಗಿದ್ದು ಎಸಿ ಎಂಟ್ಹತ್ತು ವರ್ಷದ್ದಾಗಿದ್ದರೆ, ಕಾಯಿಲ್ ಬದಲಿಸುವುದು ಮೂಗಿಗಿಂತ ಮೂಗುತಿ ಭಾರ ಎನಿಸಬಹುದು; ವಾರಂಟಿ ಕಾರ್ಡನ್ನು ಒಮ್ಮೆ ತೆಗೆದು ನೋಡಿ, ಆಮೇಲೆ ನಿರ್ಧರಿಸಿ.

ಆರ್-32 ಸುಲಭವಾಗಿ ಅಲ್ಲದಿದ್ದರೂ ಹೊತ್ತಿಕೊಳ್ಳಬಲ್ಲ ಗ್ಯಾಸ್. ಬೆಸುಗೆಗೆ ಬೆಂಕಿ ಹಚ್ಚುವ ಮೊದಲು ಕೊಳವೆಗಳಿಂದ ಅದನ್ನು ಪೂರ್ತಿ ತೆಗೆದು ನೈಟ್ರೋಜನ್ ಹಾಯಿಸಬೇಕು, ಕಿಟಕಿಗಳು ತೆರೆದಿರಬೇಕು, ದೇವರ ಮುಂದಿನ ದೀಪವೂ ಆರಿರಬೇಕು.

ಅಪರೂಪದ ಕಾರಣಗಳು

ಗಾಳಿ ಸರಿ, ಗ್ಯಾಸ್ ಸರಿ, ಆದರೂ ಐಸ್ ಎಂದಾದರೆ ಕಾಯಿಲ್‌ಗೆ ಸಿಕ್ಕಿಸಿರುವ ಉಷ್ಣತೆಯ ಸೆನ್ಸರನ್ನು ಪರೀಕ್ಷಿಸಲು ಹೇಳಿ. ಕಾಯಿಲ್ ತೀರಾ ತಣ್ಣಗಾದಾಗ ಕಂಪ್ರೆಸರನ್ನು ನಿಲ್ಲಿಸಬೇಕಾದದ್ದು ಅದು. ಸರ್ವಿಸ್ ಮಾಡುವಾಗ ಅದು ತನ್ನ ಗೂಡಿನಿಂದ ಜಾರಿ ಗಾಳಿಯಲ್ಲಿ ನೇತಾಡುತ್ತಿದ್ದರೆ, ಐಸ್ ಕಟ್ಟುತ್ತಿರುವ ಸುದ್ದಿ ಬೋರ್ಡಿಗೆ ಮುಟ್ಟುವುದೇ ಇಲ್ಲ. ಡಿಸೆಂಬರಿನ ಬೆಂಗಳೂರಿನಲ್ಲಿ ಹೊರಗೆ 15-16 ಡಿಗ್ರಿ ಇರುವ ರಾತ್ರಿ ಅಭ್ಯಾಸಬಲದಿಂದ ಎಸಿ ಹಾಕಿದರೂ ಒತ್ತಡ ಕುಸಿದು ಹಿಮ ಕೂರಬಹುದು. ಅದಕ್ಕೆ ಕಿಟಕಿ ತೆರೆಯುವುದೇ ಮದ್ದು. ಕೆಲವು ಇನ್ವರ್ಟರ್ ಎಸಿಗಳಲ್ಲಿ, ಉದಾಹರಣೆಗೆ ಹಿಟಾಚಿಯ ಫ್ರಾಸ್ಟ್ ವಾಶ್ ಸೌಲಭ್ಯದಲ್ಲಿ, ಕಾಯಿಲ್ ಮೇಲೆ ಬೇಕೆಂದೇ ಹಿಮ ಕಟ್ಟಿಸಿ, ಕರಗಿಸಿ, ಕೊಳೆಯನ್ನು ತೊಳೆದುಕೊಳ್ಳುವ ವ್ಯವಸ್ಥೆ ಇದೆ. ಆ ಗುಂಡಿ ಒತ್ತಿದ ಮೇಲೆ ಬಿಳಿ ಕಂಡರೆ ಗಾಬರಿಯಾಗಿ ಯಾರಿಗೂ ಫೋನ್ ಮಾಡಬೇಕಿಲ್ಲ.

ನಮ್ಮ ಹೊರಘಟಕದ ಪಕ್ಕದ ಗೋಡೆಗೆ ಈಗ ಪ್ಲಾಸ್ಟಿಕ್ ಹೊದಿಸಿದ ಒಂದು ಚೀಟಿ ಅಂಟಿಸಿದ್ದೇನೆ. ಬ್ಲೋವರ್ ತೊಳೆದ ತಾರೀಕು, ಗ್ಯಾಸ್ ತೂಗಿ ತುಂಬಿದ್ದರೆ ಎಷ್ಟು ಗ್ರಾಂ, ಸೋರಿಕೆ ಸಿಕ್ಕಿದ್ದರೆ ಯಾವ ಜಾಗದಲ್ಲಿ, ಇಷ್ಟೇ ಅದರಲ್ಲಿರುವುದು. ಹೊಸ ಮೆಕ್ಯಾನಿಕ್ ಬಂದು ಗೇಜಿಗೆ ಕೈ ಹಾಕುವ ಮೊದಲು ಅದನ್ನು ಓದುತ್ತಾರೆ, ಓದಿದ ಮೇಲೆ ಹೆಚ್ಚಿನವರು ಮೊದಲು ಒಳಗೆ ಹೋಗಿ ಮುಚ್ಚಳ ಎತ್ತುತ್ತಾರೆ.